ದೊಡ್ಡ ರೇಡಿಯೇಟರ್ ಕೊಳ್ಳುವ ಮೊದಲು ಗಾಳಿಯ ಒತ್ತಡ ಅಳೆಯಿರಿ

ನಿಮ್ಮ ಪ್ರಶ್ನೆ ಇದು: ಸುಬಾರು ಕಾರಿನ ಎಂಜಿನ್ ಕೂರಿಸಿ ನೀವೇ ಕಟ್ಟಿರುವ ಎರಡು ಆಸನಗಳ ವಿಮಾನ, ಗಂಟೆಗೆ 200 ಕಿ.ಮೀ. ವೇಗದಲ್ಲಿ ಸಮಮಟ್ಟದಲ್ಲಿ ಹಾರುವಾಗ ಬಿಸಿಯಾಗುವುದಿಲ್ಲ, 110 ಕಿ.ಮೀ. ವೇಗದಲ್ಲಿ ಮೇಲೇರುವಾಗ ಮಾತ್ರ ಕೂಲಂಟ್ ಮಾಪಕದ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಗಾಳಿ ಒಳಬರುವ ಬಾಯಿಯನ್ನು ಅಗಲಿಸಲೇ, ದೊಡ್ಡ ರೇಡಿಯೇಟರ್ ಹಾಕಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಮೊದಲು ಅಳೆಯಿರಿ.

ಮೇಲೇರುವಾಗ ಎಂಜಿನ್ ಪೂರ್ಣ ಶಕ್ತಿಯಲ್ಲಿರುತ್ತದೆ, ಅಂದರೆ ಶಾಖ ಹೆಚ್ಚು. ಆದರೆ ರೇಡಿಯೇಟರ್ ಮೂಲಕ ಗಾಳಿಯನ್ನು ನೂಕುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಆ ಒತ್ತಡ ಎಷ್ಟು ಎತ್ತರಕ್ಕೆ ನೀರನ್ನು ಏರಿಸಬಲ್ಲದು ಎಂಬ ಲೆಕ್ಕದಲ್ಲಿ ಹೇಳುವುದಾದರೆ 200 ಕಿ.ಮೀ.ಯಲ್ಲಿ ನಿಮಗೆ ಸಿಗುವುದು ಸುಮಾರು 19 ಸೆಂ.ಮೀ., 110ರಲ್ಲಿ ಬರೀ 6 ಸೆಂ.ಮೀ. ಆ 6 ಸೆಂಟಿಮೀಟರಿನಲ್ಲಿ ಒಂದಿಷ್ಟೂ ಪೋಲಾಗಬಾರದು. ಬಾಯಿ ಅಗಲಿಸಿದರೆ ಏರುವಾಗ ಸ್ವಲ್ಪ ಅನುಕೂಲವಾಗಬಹುದು. ಸಮಮಟ್ಟದ ಹಾರಾಟದಲ್ಲಿ ಮಾತ್ರ ಬೇಡವಾದ ಗಾಳಿಯೆಲ್ಲ ಬಾಯಿಂದ ಹೊರಚೆಲ್ಲಿ ಹೊರಮೈಯ ಹರಿವನ್ನೂ ಕೆಡಿಸುತ್ತದೆ, ಡ್ರ್ಯಾಗ್ (ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯ ತಡೆ) ಹೆಚ್ಚಿಸುತ್ತದೆ.

ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ತೆಳು ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಯು ಆಕಾರದಲ್ಲಿ ಬಾಗಿಸಿ ಅಳತೆಪಟ್ಟಿಯ ಮೇಲೆ ಕಟ್ಟಿ, ಅರ್ಧದಷ್ಟು ಬಣ್ಣದ ನೀರು ತುಂಬಿ. ಒಂದು ತುದಿಯನ್ನು ವೇಗಮಾಪಕದ ಸ್ಟ್ಯಾಟಿಕ್ ಕೊಳವೆಗೆ (ಹೊರಗಿನ ಗಾಳಿಯ ಸಹಜ ಒತ್ತಡವನ್ನು ತರುವ ಕೊಳವೆ) ಸೇರಿಸಿ. ಇನ್ನೊಂದು ತುದಿಯನ್ನು ಒಂದು ಹಾರಾಟದಲ್ಲಿ ರೇಡಿಯೇಟರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇಡಿ. ವಿಮಾನ ಅಲುಗದೆ ನೇರವಾಗಿ ಹಾರುತ್ತಿರುವಾಗ ಎರಡು ಮಟ್ಟಗಳ ನಡುವಿನ ವ್ಯತ್ಯಾಸವನ್ನು ಜೊತೆಯಲ್ಲಿರುವವರು ಬರೆದುಕೊಳ್ಳಲಿ. ನೀವು ಹಾರಾಟದ ಮೇಲಷ್ಟೇ ಗಮನವಿಡಿ. 200 ಕಿ.ಮೀ.ಯಲ್ಲಿ ಮುಂದಿನ ಅಳತೆ 15 ಸೆಂ.ಮೀ. ಆಸುಪಾಸು ಇದ್ದರೆ ನಿಮ್ಮ ಡಕ್ಟ್ (ಗಾಳಿ ಸಾಗುವ ದಾರಿ) ಚೆನ್ನಾಗಿದೆ. 8 ಬಂದರೆ ಒಳದಾರಿಯಲ್ಲೇ ತೊಂದರೆಯಿದೆ. ಮುಂದೆಯೂ ಹಿಂದೆಯೂ ಅಳತೆ ಹೆಚ್ಚಿದ್ದರೆ ಗಾಳಿಗೆ ಹೊರಹೋಗಲು ಜಾಗ ಸಾಲುತ್ತಿಲ್ಲ.

ನಾನು ನೋಡಿರುವ ಮಟ್ಟಿಗೆ ಹೆಚ್ಚಿನ ಸಲ ತಪ್ಪು ಇರುವುದು ರೇಡಿಯೇಟರಿನ ಅಂಚಿನಲ್ಲಿ. ಡಕ್ಟ್ ಮತ್ತು ರೇಡಿಯೇಟರ್ ನಡುವೆ ಬೆರಳು ತೂರುವಷ್ಟು ಸಂದಿ ಇದ್ದರೂ ಸಾಕು, ಗಾಳಿ ರೇಡಿಯೇಟರಿನ ತೆಳು ಲೋಹದ ಹಾಳೆಗಳಾದ ಫಿನ್‌ಗಳನ್ನು ಬಿಟ್ಟು ಅಲ್ಲಿಂದಲೇ ನುಸುಳುತ್ತದೆ. ಸುತ್ತಲೂ ರಬ್ಬರ್ ಪಟ್ಟಿ ಕೂರಿಸಿ. ಎಂಜಿನ್ ನಡುಗಿದಾಗಲೂ ಅದು ಬಿಟ್ಟುಕೊಳ್ಳಬಾರದು. ಎರಡನೆಯ ತಪ್ಪು, ಬಾಯಿಂದ ರೇಡಿಯೇಟರಿನವರೆಗಿನ ಗೋಡೆಗಳು ಥಟ್ಟನೆ ಅಗಲವಾಗುವುದು. ಗೋಡೆ 7 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಗಾಳಿ ಅದನ್ನು ಬಿಟ್ಟು ಸುಳಿಯಾಗುತ್ತದೆ, ರೇಡಿಯೇಟರಿನ ನಡುಭಾಗವಷ್ಟೇ ಕೆಲಸ ಮಾಡುತ್ತದೆ. ಅಷ್ಟು ಉದ್ದಕ್ಕೆ ಜಾಗವಿಲ್ಲದಿದ್ದರೆ ಆರಂಭದಲ್ಲಿ ನಿಧಾನವಾಗಿ ಅಗಲಿಸಿ, ರೇಡಿಯೇಟರ್ ಹತ್ತಿರ ಬಂದಾಗ ತುತ್ತೂರಿಯ ಬಾಯಿಯಂತೆ ಬಿಚ್ಚಿ. ಫಿನ್‌ಗಳ ತಡೆಯೇ ಅಲ್ಲಿ ಗಾಳಿಯನ್ನು ಹರಡಿಸುತ್ತದೆ.

ಇನ್ನು ಡ್ರ್ಯಾಗ್ ಲೆಕ್ಕ. ಸಮಮಟ್ಟದ ಹಾರಾಟದಲ್ಲಿ ನಿಮ್ಮ ಎಂಜಿನ್ ಸುಮಾರು 40 ಕಿಲೋವ್ಯಾಟ್ ಶಾಖವನ್ನು ಕೂಲಂಟಿಗೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ಗಾಳಿ 40 ಡಿಗ್ರಿ ಬಿಸಿಯಾಗಿ ಹೊರಹೋದರೆ ಸೆಕೆಂಡಿಗೆ 1 ಕಿಲೋ ಗಾಳಿ ಬೇಕು. ವಿಮಾನದ ವೇಗ ಸೆಕೆಂಡಿಗೆ 56 ಮೀಟರ್. ಆ ಗಾಳಿ ಎಂಜಿನ್ನಿನ ಹೊರಕವಚವಾದ ಕೌಲಿಂಗ್ ಒಳಗೆ ವೇಗವನ್ನೆಲ್ಲ ಕಳೆದುಕೊಂಡು ಎಲ್ಲೆಲ್ಲಿಂದಲೋ ಸೋರಿ ಹೋದರೆ 56 ನ್ಯೂಟನ್ ಡ್ರ್ಯಾಗ್, ಅಂದರೆ 3 ಕಿಲೋವ್ಯಾಟ್‌ಗೂ ಹೆಚ್ಚು ಶಕ್ತಿ ವ್ಯರ್ಥ. ಅದೇ ಗಾಳಿಯನ್ನು ಕಿರಿದಾಗುವ ದಾರಿಯಲ್ಲಿ ಮತ್ತೆ ವೇಗಗೊಳಿಸಿ 45 ಮೀಟರ್ ವೇಗದಲ್ಲಿ ನೇರ ಹಿಂದಕ್ಕೆ ಬಿಟ್ಟರೆ ನಷ್ಟ 11 ನ್ಯೂಟನ್ ಮಾತ್ರ. ಬಾಯಿಯ ಅಂದಕ್ಕೆ ತಿಂಗಳುಗಟ್ಟಲೆ ಶ್ರಮಿಸುವವರು ಹೊರದಾರಿಯನ್ನು ಕೌಲಿಂಗ್ ಅಡಿಯ ಒಂದು ತೂತಿಗೆ ಬಿಟ್ಟುಬಿಡುವುದನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಡ್ರ್ಯಾಗಿನ ಬಹುಪಾಲು ತೀರ್ಮಾನವಾಗುವುದೇ ಅಲ್ಲಿ.

ಮಸ್ಟಾಂಗ್ ಯುದ್ಧವಿಮಾನದಂತೆ ರೇಡಿಯೇಟರಿನಿಂದಲೇ ನೂಕುಬಲ ಪಡೆಯಬಹುದೇ ಎಂದೂ ಕೇಳಿದ್ದೀರಿ. ಡಕ್ಟ್ ಒಳಗೆ ಬಿಸಿಯಾದ ಗಾಳಿಯಿಂದ ನೂಕುಬಲ ಸಿಗಬಹುದು ಎಂದು ಬ್ರಿಟನ್ನಿನ ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದಲ್ಲಿ ಎಫ್. ಡಬ್ಲ್ಯು. ಮೆರೆಡಿತ್ 1935ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ತತ್ವ ಸರಿಯೇ. ಆದರೆ ಶಾಖದಲ್ಲಿ ಎಷ್ಟು ಪಾಲು ಕೆಲಸವಾಗಿ ಮರಳುತ್ತದೆ ಎಂಬುದು ವೇಗವನ್ನು ಅವಲಂಬಿಸಿದೆ. 650 ಕಿ.ಮೀ.ಯಲ್ಲಿ ಆದರ್ಶ ಸ್ಥಿತಿಯಲ್ಲಿ ಶೇ. 5-6, ನಿಮ್ಮ 200 ಕಿ.ಮೀ.ಯಲ್ಲಿ ಶೇ. ಅರ್ಧ. 40 ಕಿಲೋವ್ಯಾಟಿನಲ್ಲಿ 200 ವ್ಯಾಟ್ ಆಯಿತು, ಅದನ್ನೂ ಫಿನ್‌ಗಳ ಘರ್ಷಣೆಯೇ ನುಂಗುತ್ತದೆ. ಆ ಆಸೆ ಬಿಡಿ.

ಮಸ್ಟಾಂಗಿನಿಂದ ಕಲಿಯಬೇಕಾದ್ದು ಬೇರೆ. ಅದರ ಹೊಟ್ಟೆಯಡಿಯ ಗಾಳಿಬಾಯಿ ಮೈಗೆ ಅಂಟಿಕೊಂಡಿಲ್ಲ, ಕೆಲವು ಸೆಂ.ಮೀ. ಕೆಳಗೆ ನಿಂತಿದೆ. ಮೈಗೆ ತಾಗಿ ಸೋತು ಬರುವ ನಿಧಾನಗತಿಯ ಗಾಳಿ ಡಕ್ಟ್ ಒಳಗೆ ಬರದೆ ಆ ಸಂದಿಯಲ್ಲಿ ಹೊರಟುಹೋಗುತ್ತದೆ. ಹೊರದಾರಿಗೆ ತೆರೆದು ಮುಚ್ಚುವ ಬಾಗಿಲಿದೆ. ನಿಮ್ಮ ತೊಂದರೆಗೆ ಮದ್ದು ಬಹುಶಃ ಈ ಬಾಗಿಲೇ. ಏರುವಾಗ ಹೊರದಾರಿ ಈಗಿನ ಎರಡು ಪಟ್ಟಿಗೂ ಹೆಚ್ಚು ತೆರೆಯುವಂತೆ ಒಂದು ಫ್ಲ್ಯಾಪ್ ಮಾಡಿ, ಕೇಬಲ್ಲಿನಿಂದ ಕಾಕ್‌ಪಿಟ್‌ಗೆ ಜೋಡಿಸಿ. ಹೊರಕ್ಕೆ ಬಾಗಿದ ಫ್ಲ್ಯಾಪಿನ ಹಿಂದೆ ಒತ್ತಡ ಇಳಿದು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ 6 ಸೆಂಟಿಮೀಟರಿಗೆ ಇನ್ನಷ್ಟು ಸೇರಿದಂತಾಗುತ್ತದೆ. ಸಮಮಟ್ಟಕ್ಕೆ ಬಂದ ಮೇಲೆ ಕೂಲಂಟಿನ ಉಷ್ಣತೆ ನೋಡುತ್ತ ಮುಚ್ಚುತ್ತ ಬನ್ನಿ.

ದೊಡ್ಡ ರೇಡಿಯೇಟರ್ ತಪ್ಪು ಎಂದು ನಾನು ಹೇಳುತ್ತಿಲ್ಲ. ಡಕ್ಟ್ ಸರಿಯಿದ್ದರೆ ಅಗಲ ಮುಖದ ರೇಡಿಯೇಟರಿನಲ್ಲಿ ಗಾಳಿ ನಿಧಾನವಾಗಿ ಹರಿದು ಒತ್ತಡದ ನಷ್ಟ ತಗ್ಗುತ್ತದೆ. ಆದರೆ ಅದು ಸಂದಿ ಮುಚ್ಚಿ, ಫ್ಲ್ಯಾಪ್ ಹಾಕಿದ ನಂತರದ ಮಾತು. ಮುಂದಿನ ಮತ್ತು ಹಿಂದಿನ ಒತ್ತಡವನ್ನು ಎರಡೂ ವೇಗಗಳಲ್ಲಿ ಅಳೆದು, ಡಕ್ಟ್‌ನ ಪಕ್ಕನೋಟದ ಚಿತ್ರದ ಜೊತೆ ಇಲ್ಲೇ ಹಾಕಿ. ಹೊರದಾರಿ ಎಷ್ಟು ಚದರ ಸೆಂ.ಮೀ. ಇರಬೇಕೆಂದು ಕೂತು ಲೆಕ್ಕ ಹಾಕೋಣ.