ಆ್ಯಪ್ ಒಂದು ಹೇಳುತ್ತದೆ, ಬೋರ್ಡ್ ಇನ್ನೊಂದು ಹೇಳುತ್ತದೆ

ಪ್ರಶ್ನೆ: ಮೇಡಂ, ಕಳೆದ ಜುಲೈಯಲ್ಲಿ ನಮ್ಮ ಅತ್ತೆ ಬೆಂಗಳೂರಿನಿಂದ ಮಂಗಳೂರಿಗೆ ಒಬ್ಬರೇ ವಿಮಾನದಲ್ಲಿ ಬರುವವರಿದ್ದರು. ಕರೆದುಕೊಂಡು ಬರಲು ಬಜ್ಪೆಗೆ ಹೋಗಿದ್ದೆವು. ಕಂಪನಿಯ ಆ್ಯಪ್ ‘ಆನ್ ಟೈಮ್’ ಎನ್ನುತ್ತಿತ್ತು. ಏರ್‌ಪೋರ್ಟ್ ಬೋರ್ಡಿನಲ್ಲಿ ‘ಡಿಲೇಡ್’ ಎಂದಿತ್ತು. ಮಗ ಮೊಬೈಲಿನಲ್ಲಿ ವಿಮಾನಗಳ ಮ್ಯಾಪ್ ತೆರೆದು ‘ಲ್ಯಾಂಡ್ ಆಯ್ತು’ ಎಂದ. ಒಳಗಿನಿಂದ ಯಾರೂ ಹೊರಗೆ ಬರಲಿಲ್ಲ. ಕೊನೆಗೆ ಅತ್ತೆಯೇ ಫೋನ್ ಮಾಡಿ, ಮಳೆಯಿಂದಾಗಿ ವಿಮಾನ ವಾಪಸ್ ಬೆಂಗಳೂರಿಗೇ ಬಂತು ಎಂದರು. ಈ ಮೂರರಲ್ಲಿ ಸುಳ್ಳು ಹೇಳಿದ್ದು ಯಾವುದು?
— ಓದುಗರೊಬ್ಬರು, ಪುತ್ತೂರು

ಉತ್ತರ: ತಮಾಷೆ ನೋಡಿ, ನಿಮ್ಮ ಮಗನ ಮ್ಯಾಪ್ ಹೇಳಿದ್ದು ನಿಜ. ವಿಮಾನ ಲ್ಯಾಂಡ್ ಆಗಿತ್ತು. ಎಲ್ಲಿ ಅಂತ ನೋಡಲಿಲ್ಲ, ಅಷ್ಟೆ.

ನಾನು ಚೆಕ್-ಇನ್ ಕೌಂಟರಿನ ಆ ಕಡೆ ವರ್ಷಗಟ್ಟಲೆ ನಿಂತವಳು. ಜನ ಮೊಬೈಲ್ ಮುಖಕ್ಕೆ ಹಿಡಿದು ‘ಇಲ್ಲಿ ಹೀಗಿದೆ, ನೀವು ಹಾಗಂತೀರಿ’ ಎಂದು ಜಗಳಕ್ಕೆ ಬರುತ್ತಿದ್ದರು. ಎಷ್ಟೋ ಸಲ ಅವರ ಮೊಬೈಲಿಗೆ ನಮಗಿಂತ ಮೊದಲೇ ಗೊತ್ತಾಗಿರುತ್ತಿತ್ತು.

ವಿಮಾನ ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ರೇಡಿಯೊ ಮೂಲಕ ಸೆಕೆಂಡಿಗೊಮ್ಮೆಯಾದರೂ ಸಾರುತ್ತಲೇ ಇರುತ್ತದೆ. ಇದನ್ನು ಎಡಿಎಸ್-ಬಿ ಎನ್ನುತ್ತಾರೆ. ನೆಲದ ಮೇಲಿನ ರಿಸೀವರುಗಳು ಅದನ್ನು ಹಿಡಿದು ಫ್ಲೈಟ್‌ರಾಡಾರ್24ನಂಥ ಮ್ಯಾಪ್‌ಗಳಿಗೆ ಕಳಿಸುತ್ತವೆ. ಇಂಥ ಎಷ್ಟೋ ರಿಸೀವರುಗಳು ಹವ್ಯಾಸಿಗಳ ಮನೆ ಮಾಳಿಗೆಯ ಮೇಲಿವೆ. ಹಾಗಾಗಿ ವಿಮಾನ ಈಗ ಎಲ್ಲಿದೆ ಎನ್ನುವುದಕ್ಕೆ ಮ್ಯಾಪನ್ನೇ ನಂಬಿ. ಆದರೆ ಪೈಲಟ್ ಮುಂದೇನು ಮಾಡುತ್ತಾರೆ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ಕಂಪನಿಯ ಆ್ಯಪ್‌ನಲ್ಲಿ ಹೊಸ ಸಮಯ ಕಾಣಬೇಕಾದರೆ ಅವರ ಕಂಟ್ರೋಲ್ ರೂಮಿನವರು ಒಂದು ತೀರ್ಮಾನಕ್ಕೆ ಬರಬೇಕು. ಅಲ್ಲಿಯವರೆಗೆ ಹಳೆಯ ಸಮಯವೇ ‘ಆನ್ ಟೈಮ್’ ಎಂದುಕೊಂಡು ಕೂತಿರುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಆ ತೀರ್ಮಾನ ಬೇಗ ಆಗುವಂಥದ್ದಲ್ಲ. ರನ್‌ವೇ ಇರುವುದು ಗುಡ್ಡದ ನೆತ್ತಿಯಲ್ಲಿ. ಮೋಡ ಬಂದು ಅಲ್ಲೇ ಕೂರುತ್ತದೆ. ಐದು ನಿಮಿಷದಲ್ಲಿ ತಿಳಿಯಾಗಲೂಬಹುದು. ವಿಮಾನ ಮೇಲೆ ಸುತ್ತು ಹಾಕುತ್ತ ಕಾಯುತ್ತದೆ. ಇನ್ನೊಂದು ಏರ್‌ಪೋರ್ಟ್ ಮುಟ್ಟಲು ಬೇಕಾದ ಇಂಧನವನ್ನು ಮಾತ್ರ ಕಾಯುವುದಕ್ಕೆ ಸುಡುವಂತಿಲ್ಲ. ಅಷ್ಟರೊಳಗೆ ಇಳಿಯಲು ಆಗಲಿಲ್ಲವೆಂದರೆ ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ತಿರುಗಬೇಕು. ಬಜ್ಪೆಯಲ್ಲಿದ್ದವರಿಗೆ ಗೊತ್ತಿದ್ದದ್ದು ವಿಮಾನ ಇನ್ನೂ ಇಳಿದಿಲ್ಲ ಎನ್ನುವುದಷ್ಟೇ. ಅದಕ್ಕೇ ಬೋರ್ಡಿನಲ್ಲಿ ‘ಡಿಲೇಡ್’.

ಮುಂದಿನ ಸಲ ಮ್ಯಾಪ್‌ನಲ್ಲಿ ವಿಮಾನದ ಗುರುತನ್ನು ಒತ್ತಿ, ಅದು ಯಾವ ಊರಿನ ಮೇಲಿದೆ ನೋಡಿ. ಹೊರಡುವ ಮೊದಲೂ ಇದು ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನಿಂದ 5 ಗಂಟೆಗೆ ಬಿಡಬೇಕಾದ ವಿಮಾನ 4.30ಕ್ಕೆ ಇನ್ನೂ ಪುಣೆಯ ನೆಲದ ಮೇಲೆ ನಿಂತಿದ್ದರೆ, ಆ್ಯಪ್ ಏನೇ ಹೇಳಲಿ, 5ಕ್ಕೆ ಬಿಡುವುದಿಲ್ಲ. ಬೇರೆ ವಿಮಾನ ಹಾಕಿದರೆ ಮಾತು ಬೇರೆ.

ಇನ್ನೊಂದು ಮಾತು. ಗಾಬರಿಯಲ್ಲಿ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಮೋಸಗಾರರು ತಮ್ಮ ನಂಬರ್ ಹಾಕಿಕೊಂಡು ಕಾಯುತ್ತಿರುತ್ತಾರೆ. ಟಿಕೆಟ್ ಮೇಲಿರುವ ನಂಬರಿಗೇ ಮಾಡಿ.

ಪ್ರಶ್ನೆ: ಜನವರಿಯಲ್ಲಿ ದೆಹಲಿಗೆ ಹೊರಟಿದ್ದೆವು. ‘ವಿಮಾನ 2 ಗಂಟೆ ತಡ’ ಅಂತ ಬೆಳಿಗ್ಗೆ ಮೆಸೇಜ್ ಬಂತು. ಏರ್‌ಪೋರ್ಟ್ ವೆಬ್‌ಸೈಟಿನಲ್ಲಿ ಸರಿಯಾದ ಸಮಯವೇ ಇತ್ತು. ನಮ್ಮ ಯಜಮಾನರು ‘ಸುಮ್ನೆ ಹೋಗಿ ಕೂರೋದ್ಯಾಕೆ, ನಿಧಾನ ಹೋದರಾಯ್ತು’ ಎಂದರು. ಇಂಥ ಹೊತ್ತಲ್ಲಿ ಏನು ಮಾಡಬೇಕು?
— ಗೃಹಿಣಿ, ತುಮಕೂರು

ಉತ್ತರ: ಮೊದಲಿನ ಸಮಯಕ್ಕೇ ಹೋಗಿ. ಯಜಮಾನರು ಬೈದುಕೊಂಡರೂ ಪರವಾಗಿಲ್ಲ.

ವಾರಗಟ್ಟಲೆ ಮೊದಲು ಸಮಯ ಬದಲಾಗಿ ಹೊಸ ಟಿಕೆಟ್ ಕಳಿಸಿದ್ದರೆ ಅದನ್ನು ನಂಬಬಹುದು. ಅದೇ ದಿನ ಬರುವ ‘ತಡ’ದ ಮೆಸೇಜ್ ಬರೀ ಅಂದಾಜು. ದೆಹಲಿಯ ಮಂಜು ಬೇಗ ಕರಗಿತು, ಅಥವಾ ಬೇರೆ ವಿಮಾನ ಸಿಕ್ಕಿತು ಅಂದರೆ 2 ಗಂಟೆ ಇದ್ದದ್ದು 40 ನಿಮಿಷಕ್ಕೆ ಇಳಿಯುತ್ತದೆ. ನೀವಿನ್ನೂ ನೆಲಮಂಗಲದ ಟ್ರಾಫಿಕ್‌ನಲ್ಲಿರುತ್ತೀರಿ. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ 60 ನಿಮಿಷ ಮೊದಲೇ ಕೌಂಟರ್ ಮುಚ್ಚುತ್ತಾರೆ.

ಇನ್ನೊಂದು ಕಾರಣವೂ ಇದೆ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ, ಎರಡೂವರೆ ಗಂಟೆಯೊಳಗಿನ ಪ್ರಯಾಣಕ್ಕೆ 2 ಗಂಟೆ, ಐದು ಗಂಟೆಯೊಳಗಿನದಕ್ಕೆ 3 ಗಂಟೆ ತಡವಾದರೆ ಕಂಪನಿ ಊಟ ತಿಂಡಿ ಕೊಡಬೇಕು. ದೇಶದೊಳಗಿನ ವಿಮಾನ 6 ಗಂಟೆಗಿಂತ ಜಾಸ್ತಿ ತಡವಾಗುತ್ತದೆ ಅಂದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸ್ ಕೇಳಬಹುದು. ಆದರೆ ಊಟ ತಿಂಡಿ ಸಿಗುವುದು ಸಮಯಕ್ಕೆ ಸರಿಯಾಗಿ ಚೆಕ್-ಇನ್ ಮಾಡಿದವರಿಗೆ. ಮೆಸೇಜ್ ಅಳಿಸಬೇಡಿ. ಆ್ಯಪ್, ಬೋರ್ಡ್ ಎರಡರ ಫೋಟೊವನ್ನೂ ಸಮಯ ಕಾಣುವ ಹಾಗೆ ತೆಗೆದಿಡಿ. ಕಂಪನಿ ಕಿವಿಗೆ ಹಾಕಿಕೊಳ್ಳದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಕೊಡಬಹುದು. ಫೋಟೊ ಇದ್ದರೆ ವಾದ ಮಾಡುವುದು ಎಷ್ಟೋ ಸುಲಭ.

ಪ್ರಶ್ನೆ: ತಮ್ಮ ದುಬೈಗೆ ಹೊರಟಿದ್ದಾನೆ. ಟಿಕೆಟ್‌ನಲ್ಲಿ ಜೂನ್ 12, 00:40. ಮ್ಯಾಪ್‌ನಲ್ಲಿ ಜೂನ್ 11, 19:10. ಯಾವುದು ಸರಿ?
— ವಿದ್ಯಾರ್ಥಿ, ಮಂಡ್ಯ

ಉತ್ತರ: ಎರಡೂ ಒಂದೇ ಗಳಿಗೆ. ಮ್ಯಾಪ್ ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಸಮಯ ತೋರಿಸುತ್ತಿದೆ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮದು. ಸೆಟ್ಟಿಂಗ್ಸ್‌ನಲ್ಲಿ ಸ್ಥಳೀಯ ಸಮಯಕ್ಕೆ ಬದಲಿಸಿಕೊಳ್ಳಿ. ಟಿಕೆಟ್‌ನಲ್ಲಿ ಯಾವಾಗಲೂ ಆಯಾ ಊರಿನ ಗಡಿಯಾರದ ಸಮಯವೇ ಇರುತ್ತದೆ. ದುಬೈ ಇಳಿಯುವ ಸಮಯ ಅಲ್ಲಿಯದು, ನಮಗಿಂತ ಒಂದೂವರೆ ಗಂಟೆ ಹಿಂದೆ.

ತಾರೀಖು ಇನ್ನೊಮ್ಮೆ ನೋಡಿಕೊಳ್ಳಿ. 12ರ ರಾತ್ರಿ ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ತಮ್ಮ 11ರ ಸಂಜೆ 5ರೊಳಗೆ ಮಂಡ್ಯ ಬಿಡಲಿ. ಬೆಂಗಳೂರು ಏರ್‌ಪೋರ್ಟಿನಲ್ಲಿ ಗಾಡಿಯಿಂದ ಇಳಿಯಬೇಕಾದದ್ದು ಟರ್ಮಿನಲ್ 2ರಲ್ಲಿ.