ಅಮ್ಮನನ್ನು ಔಷಧ ಪ್ರಯೋಗಕ್ಕೆ ಸೇರಿಸಬಹುದೇ?

ನಿಮ್ಮ ತಾಯಿಗೆ ಹರ್-2 ಪಾಸಿಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿರುವ) ಸ್ತನ ಕ್ಯಾನ್ಸರ್, ಆಪರೇಷನ್ ಆಗಿದೆ, ವೈದ್ಯರು ಹೊಸ ಔಷಧದ ಪ್ರಯೋಗಕ್ಕೆ ಸೇರುತ್ತೀರಾ ಎಂದು ಕೇಳಿದ್ದಾರೆ, ದೊಡ್ಡಪ್ಪ ಮಾತ್ರ ‘ಅವಳನ್ನು ಪ್ರಯೋಗದ ಇಲಿ ಮಾಡುತ್ತಾರೆ’ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಇಂಥದೇ ಪ್ರಯೋಗದಲ್ಲಿ ಇದ್ದು ಬಂದವಳು, ವೈದ್ಯಳಲ್ಲ.

ಇಲಿಯ ಮಾತು ಬದಿಗಿರಲಿ. ಹೊಸ ಔಷಧ ಎಷ್ಟು ಒಳ್ಳೆಯದು ಎಂದು ಕೇಳಿಯೂ ಫಲವಿಲ್ಲ, ಅದು ಗೊತ್ತಿದ್ದರೆ ಪ್ರಯೋಗವೇ ಬೇಕಿರಲಿಲ್ಲ. ಆ ಔಷಧ ಸಿಗದ ಗುಂಪಿಗೆ ಅಮ್ಮ ಬಿದ್ದರೆ ಏನು ಕೊಡುತ್ತೀರಿ ಎಂದು ಕೇಳಿ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ನಿರ್ಧರಿಸುತ್ತದೆ, ವೈದ್ಯರ ಕೈಯಲ್ಲಿ ಇರುವುದಿಲ್ಲ. ಆ ಗುಂಪಿಗೂ ಟ್ರಾಸ್ಟುಜುಮ್ಯಾಬ್ (ಹರ್-2 ಪ್ರೋಟೀನನ್ನೇ ಗುರಿಯಾಗಿಸುವ ಔಷಧ) ಸಹಿತ ಈಗ ರೂಢಿಯಲ್ಲಿರುವ ಚಿಕಿತ್ಸೆ ಪೂರ್ತಿ ಸಿಗುತ್ತದೆ ಎಂದು ಕಾಗದದಲ್ಲಿ ಬರೆದಿದ್ದರೆ ಪ್ಲಸೀಬೊ (ಔಷಧದಂತೆಯೇ ಕಾಣುವ, ಒಳಗೆ ಔಷಧವಿಲ್ಲದ್ದು) ಎಂಬ ಹೆಸರು ಕೇಳಿ ಗಾಬರಿಯಾಗಬೇಡಿ. ಬರೆದಿರದಿದ್ದರೆ, ನಾನಾದರೆ ಅಲ್ಲಿಂದಲೇ ಎದ್ದು ಬರುತ್ತೇನೆ.

ಟ್ರಾಸ್ಟುಜುಮ್ಯಾಬ್ ನಮ್ಮವರೆಗೆ ಬಂದದ್ದೂ ಇಂಥ ಪ್ರಯೋಗಗಳಿಂದಲೇ. ‘ಹೆರಾ’ ಎಂಬ ಪ್ರಯೋಗದಲ್ಲಿ ಕಿಮೊ ಮುಗಿಸಿದ ಹೆಂಗಸರ ಒಂದು ಗುಂಪಿಗೆ ಅದನ್ನು ಒಂದು ವರ್ಷ, ಇನ್ನೊಂದಕ್ಕೆ ಎರಡು ವರ್ಷ ಕೊಟ್ಟರು, ಮೂರನೆಯದಕ್ಕೆ ಕೊಡಲಿಲ್ಲ. 2005ರಲ್ಲಿ ಲಾಭ ಖಚಿತವಾದ ಮೇಲೆ ಮೂರನೆಯ ಗುಂಪಿನವರಿಗೂ ಅದನ್ನು ಪಡೆಯುವ ಅವಕಾಶವಾಯಿತು. ಎರಡು ವರ್ಷ ಪಡೆದವರ ಕಥೆ ಇನ್ನೂ ಕುತೂಹಲದ್ದು: ಒಂದು ವರ್ಷದವರಿಗಿಂತ ಅವರಿಗೆ ಹೆಚ್ಚಿನ ಪ್ರಯೋಜನವೇನೂ ಆಗಲಿಲ್ಲ, ಹೃದಯದ ಸಾಮರ್ಥ್ಯ ಕುಗ್ಗಿದ್ದು ಮಾತ್ರ ಅವರಲ್ಲೇ ಹೆಚ್ಚು. ಹೊಸದು ಸಿಕ್ಕವರೇ ಪುಣ್ಯವಂತರು ಎನ್ನುವವರಿಗೆ ಇದನ್ನು ಹೇಳಿ.

ಒಪ್ಪಿಗೆ ಪತ್ರ ಕನ್ನಡದಲ್ಲಿಯೇ ಇರಲಿ, ಅಮ್ಮನೇ ಓದಲಿ. ನನ್ನ ಸರದಿ ಬಂದಾಗ ಪೆನ್ನಿಗೆ ಕೈ ಚಾಚಿದ್ದು ನನ್ನ ಯಜಮಾನರು. ಸಂಯೋಜಕಿ ಹುಡುಗಿ ಪೆನ್ನನ್ನು ನನ್ನ ಕಡೆಗೆ ಸರಿಸಿ, “ನೀವು ಓದಿದ್ದೀರಾ ಅಮ್ಮ? ಸಹಿ, ಪಕ್ಕದಲ್ಲಿ ತಾರೀಖು, ಎರಡನ್ನೂ ನೀವೇ ಬರೆಯಬೇಕು” ಎಂದಳು. ಅವರ ಮುಖ ಸಪ್ಪೆಯಾಯಿತು, ನನಗೆ ಒಳಗೊಳಗೇ ಖುಷಿಯಾಯಿತು.

ನಮ್ಮ ದೇಶದಲ್ಲಿ ಇದಕ್ಕೆ 2019ರ ನಿಯಮಗಳಿವೆ. ಪ್ರಯೋಗದಿಂದ ದೇಹಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು. ಸಹಿ ಮಾಡಿದ ಪತ್ರದ ಪ್ರತಿ ನಿಮಗೆ ಸಿಗಬೇಕು. ನಡುವೆ ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು. ಪ್ರಯೋಗವು ಸಿಟಿಆರ್‌ಐ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿಯಾಗಿರಲೇಬೇಕು. ಆ ಸಂಖ್ಯೆ ಕೇಳಿ ಪಡೆದು ನೀವೇ ಹುಡುಕಿ ನೋಡಿ.

ಯಾರೂ ಮೊದಲೇ ಹೇಳದ್ದು ಓಡಾಟದ ಸುಸ್ತು. ಹೆಚ್ಚುವರಿ ರಕ್ತ ಪರೀಕ್ಷೆ, ಮತ್ತೆ ಮತ್ತೆ ಎಕೊ ಎಂಬ ಹೃದಯದ ಸ್ಕ್ಯಾನ್, ಜ್ವರ ಬಂತೇ ಭೇದಿಯಾಯಿತೇ ಎಂದು ದಿನವೂ ತುಂಬಬೇಕಾದ ಡೈರಿ. ಬಸ್ ಖರ್ಚು ಕೊಡುತ್ತಾರೆಯೇ ಎಂದು ಕೇಳಲು ನಾಚಿಕೊಳ್ಳಬೇಡಿ.

ಮೊದಲ ಹಂತದ ಪ್ರಯೋಗವಾದರೆ ಲೆಕ್ಕವೇ ಬೇರೆ. ಅಲ್ಲಿ ಮುಖ್ಯವಾಗಿ ನೋಡುವುದು ದೇಹ ಎಷ್ಟು ಪ್ರಮಾಣವನ್ನು ತಡೆದುಕೊಳ್ಳುತ್ತದೆ ಎಂಬುದನ್ನು. ಗುಣವಾಗುವ ಚಿಕಿತ್ಸೆ ಕೈಯಲ್ಲಿರುವಾಗ ನಾನಂತೂ ಅದಕ್ಕೆ ಹೋಗುವುದಿಲ್ಲ. ಯಾವ ಹಂತದ್ದೇ ಆಗಲಿ, ಸಹಿಗೆ ಮೊದಲು ಕಾಗದವನ್ನು ಆ ಪ್ರಯೋಗಕ್ಕೆ ಸಂಬಂಧವಿಲ್ಲದ ಇನ್ನೊಬ್ಬ ಕ್ಯಾನ್ಸರ್ ತಜ್ಞರಿಗೆ ತೋರಿಸಿ. ಕಾಗದ ಮನೆಗೆ ಕೊಡುವುದಿಲ್ಲ, ಈಗಲೇ ಹೇಳಿ ಎಂದರೆ, ಬೇಡ ಎಂದೇ ಹೇಳಿಬಿಡಿ.