ಮಾಬೊ ತೀರ್ಪಿನ ನಂತರವೂ ನೆಲ ಏಕೆ ಮರಳಲಿಲ್ಲ

ಆಸ್ಟ್ರೇಲಿಯಾ 'ಯಾರಿಗೂ ಸೇರದ ನೆಲ' ಎಂಬ ವಾದವನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನ 1992ರ ಮಾಬೊ ತೀರ್ಪು ತಳ್ಳಿಹಾಕಿತಲ್ಲ, ಮೂಲನಿವಾಸಿಗಳಿಗೆ ಭೂಮಿ ವಾಪಸ್ ಸಿಕ್ಕಿರಬೇಕಲ್ಲವೇ ಎಂದು ಕೇಳಿದ್ದೀರಿ. ಇಲ್ಲ, ಎಲ್ಲರಿಗೂ ಹಾಗಾಗಲಿಲ್ಲ. ಟೆರ್ರಾ ನಲಿಯಸ್, ಅಂದರೆ ಆ 'ಯಾರಿಗೂ ಸೇರದ ನೆಲ'ದ ವಾದ, ಹೋಯಿತು, ಆದರೆ ಬ್ರಿಟಿಷ್ ಸಾರ್ವಭೌಮತ್ವವನ್ನು ತಾನು ಪ್ರಶ್ನಿಸುವಂತಿಲ್ಲ ಎಂದಿತು ಕೋರ್ಟು. ಸರ್ಕಾರ ಖಾಸಗಿಯವರಿಗೆ ಪೂರ್ಣ ಒಡೆತನ ಕೊಟ್ಟ ಕಡೆ ಮೂಲನಿವಾಸಿಗಳ ಮೂಲ ಹಕ್ಕು ಅಳಿದಂತೆಯೇ. ಉಳಿದ ನೆಲಕ್ಕೆ ಹಕ್ಕು ಕೇಳುವವರು, ಬ್ರಿಟಿಷರು ಬಂದಾಗಿನಿಂದ ತಮ್ಮ ಸಂಪ್ರದಾಯ ಕಡಿಯದೆ ನಡೆದುಬಂದಿದೆ ಎಂದು ತಾವೇ ಸಾಬೀತುಪಡಿಸಬೇಕು.

ನನಗೆ ಸಂಕಟವಾಗುವುದು ಇಲ್ಲೇ. ಮರ್ರೆ ನದಿಯ ಯೋರ್ಟಾ ಯೋರ್ಟಾ ಎಂಬ ಮೂಲನಿವಾಸಿ ಜನ ವಸಾಹತುಗಾರರಿಂದಾಗಿ ನೆಲ ಕಳೆದುಕೊಂಡು ಕ್ರೈಸ್ತ ಮಿಷನ್‌ಗಳಿಗೆ ಸೇರಬೇಕಾಯಿತು. ಅವರು ನೆಲದ ಹಕ್ಕು ಕೇಳಿದ ಮೊಕದ್ದಮೆಯಲ್ಲಿ 1998ರಲ್ಲಿ ನ್ಯಾಯಾಧೀಶರು, 'ಚರಿತ್ರೆಯ ಪ್ರವಾಹ' ಅವರ ಹಕ್ಕನ್ನು ಕೊಚ್ಚಿಕೊಂಡು ಹೋಗಿದೆ ಎಂದರು. ಹಿರಿಯರ ಬಾಯಿಮಾತಿನ ಸಾಕ್ಷ್ಯಕ್ಕಿಂತ 19ನೇ ಶತಮಾನದ ಒಬ್ಬ ವಲಸಿಗ ಜಮೀನ್ದಾರನ ಬರಹಕ್ಕೇ ಹೆಚ್ಚು ಬೆಲೆ ಸಿಕ್ಕಿತು. 2002ರಲ್ಲಿ ಹೈಕೋರ್ಟ್ ಮೇಲ್ಮನವಿಯನ್ನೂ ವಜಾ ಮಾಡಿತು. ಬೇರು ಕಿತ್ತು, ಆಮೇಲೆ ಬೇರು ತೋರಿಸಿ ಎಂದ ಹಾಗಾಯಿತು.

ಮೂಲನಿವಾಸಿಗಳಿಗೆ ನೆಲವೆಂದರೆ ಹಿರಿಯರ ಸಂಬಂಧ, ನೋಡಿಕೊಳ್ಳಬೇಕಾದ ಹೊಣೆ. ಕೋರ್ಟಿನಲ್ಲಿ ಅದು ಬೇಟೆ, ಮೀನುಗಾರಿಕೆ ಎಂಬ ಬಿಡಿ ಹಕ್ಕುಗಳ ಕಂತೆಯಾಗಿಬಿಡುತ್ತದೆ. 1996ರ ವಿಕ್ ತೀರ್ಪನ್ನೂ ನೋಡಿ: ಜಾನುವಾರು ಮೇಯಿಸಲು ಗುತ್ತಿಗೆ ಕೊಟ್ಟ ನೆಲದಲ್ಲೂ ಮೂಲ ಹಕ್ಕು ಉಳಿಯಬಹುದು ಎಂದಿತು, ಆದರೆ ಎರಡಕ್ಕೂ ತಿಕ್ಕಾಟ ಬಂದರೆ ಗುತ್ತಿಗೆದಾರನದೇ ಮೇಲುಗೈ.